ತಣ್ಣನೆಯ ಕೈಯವಳು

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಕಾಲೇಜಿನ ಗೇಟಿಗೆ ಕಟ್ಟಿರುವ ಫ್ಲೆಕ್ಸಿನಲ್ಲಿ ಅದು ಇದೆ, ಆಹ್ವಾನ ಪತ್ರಿಕೆಯಲ್ಲಿದೆ, ಹೊರದೇಶದ ಪತ್ರಿಕೆಯಲ್ಲೂ ಅಚ್ಚಾಗಿದೆ. ಅಷ್ಟು ಸಾಲದೆ? ಅವಳ ಬೀಳ್ಕೊಡುಗೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಹುಡುಗಿಯರು ಮನೆಗೆ ಬಂದಿದ್ದರು. "ನೀವಿಬ್ರೂ ಒಂದೇ ರೂಮಲ್ಲಿ ಕೂತವ್ರು ಮೇಡಂ, ನಿಮ್ಗಿಂತ ಚೆನ್ನಾಗಿ ಯಾರಿಗ್ ಗೊತ್ತು" ಅಂದರು. ಗೊತ್ತು, ನಿಜ. ಗೊತ್ತಿರುವುದನ್ನು ಬರೆದರೆ ಹೊಟ್ಟೆಕಿಚ್ಚಿನ ವಾಸನೆ ಹೊಡೆಯುತ್ತದೆ ಎಂಬುದೂ ಗೊತ್ತು. ಹೊಡೆಯಲಿ. ನಾನು ಅವಳಿಗಿಂತ ಮುಂಚೆ ನಿವೃತ್ತಳಾದವಳು. ನನಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಫ್ಲೆಕ್ಸ್ ಯಾರೂ ಕಟ್ಟಲಿಲ್ಲ.

ಕೋಲಾರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ನಾವಿಬ್ಬರೂ ಜೀವರಸಾಯನ ಪಾಠ ಮಾಡುತ್ತಿದ್ದೆವು. ನಾನು ಹೋಳೂರಿನ ರಾಗಿ ಹೊಲದಿಂದ ಬಂದವಳು. ನಮ್ಮಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಅವಳು ಮುಳಬಾಗಿಲಿನವಳು. ತಾತ ಪೌರೋಹಿತ್ಯ ಮಾಡುತ್ತಿದ್ದವರು, ಅಪ್ಪ ಅಂಗಡಿಗಳ ಲೆಕ್ಕ ಬರೆಯುತ್ತಿದ್ದವರು. ಮುಳಬಾಗಿಲಿನವಳು ಅಂದ ಮಾತ್ರಕ್ಕೆ ದೋಸೆ ಹುಯ್ಯಲು ಬರುತ್ತದೆ ಎಂದುಕೊಳ್ಳಬೇಡಿ. ಅವಳಿಗೆ ಅನ್ನಕ್ಕೆ ಎಷ್ಟು ನೀರಿಡಬೇಕು ಎಂಬುದೂ ತಿಳಿಯದು. ಮದುವೆ ಬೇಡವೆಂದು ಒಬ್ಬಳೇ ಇದ್ದಳು. ಮಧ್ಯಾಹ್ನ ನನ್ನ ಡಬ್ಬಿ ತೆರೆಯುವ ಸದ್ದು ಕೇಳಿದರೆ ಸಾಕು, ಕುರ್ಚಿ ಎಳೆದುಕೊಂಡು ಬಂದು "ಏನೇ ತಂದಿದ್ದೀಯ ನಂಗೆ" ಎನ್ನುತ್ತಿದ್ದಳು. ನನಗೆ ಏನು ತಂದಿದ್ದೀಯ ಎಂದು ಕೇಳುವವರನ್ನು ನೋಡಿದ್ದೆ. ಹೀಗೆ ಕೇಳಿ, ನಾನು ಉತ್ತರ ಕೊಡುವ ಮೊದಲೇ ಉಪ್ಪಿನಕಾಯಿ ಮುಗಿಸುವವಳನ್ನು ನೋಡಿರಲಿಲ್ಲ.

ಅವಳ ಗುರುತು ಎಂದರೆ ಕೈ. ವರ್ಷದ ಎಲ್ಲ ಕಾಲದಲ್ಲೂ ತಣ್ಣಗಿರುತ್ತಿತ್ತು. ಹುಟ್ಟಿನಿಂದಲೂ ಹಾಗೆಯೇ ಅಂತೆ, ಅದರ ಮೇಲೆ ಇಡೀ ದಿನ ಫ್ರಿಜ್ಜಿನಿಂದ ರಕ್ತದ ಟ್ಯೂಬು ತೆಗೆಯುವ ಕೆಲಸ. ಏಪ್ರಿಲ್ ತಿಂಗಳಲ್ಲಿ, ಟೊಮೆಟೊ ಮಂಡಿಯ ಕಡೆಯಿಂದ ಕೊಳೆತ ಹಣ್ಣಿನ ವಾಸನೆ ಹೊತ್ತ ಬಿಸಿಗಾಳಿ ಕಿಟಕಿಯೊಳಗೆ ನುಗ್ಗುವಾಗ, ಸದ್ದಿಲ್ಲದೆ ಹಿಂದಿನಿಂದ ಬಂದು ನಮ್ಮ ಕುತ್ತಿಗೆಗೆ ಅಂಗೈ ಒತ್ತುತ್ತಿದ್ದಳು. ನಾವು ಕಿರುಚಿದರೆ ಅವಳಿಗೆ ಖುಷಿ. ಪ್ರಿನ್ಸಿಪಾಲರ ಕುತ್ತಿಗೆಯೊಂದನ್ನು ಬಿಟ್ಟು ಆ ಕಟ್ಟಡದ ಎಲ್ಲ ಕುತ್ತಿಗೆಗಳನ್ನೂ ಅವಳು ಮುಟ್ಟಿದ್ದಾಳೆ.

ಇನ್ನೊಂದು ಅಭ್ಯಾಸ, ನಮಸ್ಕಾರ. ಯಾರ ಮನೆಗೆ ಹೋದರೂ ಹಿರಿಯರು ಕಂಡರೆ ಬಗ್ಗುವುದೇ. ನಾವೂ ಬಗ್ಗುತ್ತೇವೆ, ಆದರೆ ನಮ್ಮದು ಬೆರಳ ತುದಿಯ ನಮಸ್ಕಾರ, ಮುಟ್ಟಿದ ಹಾಗೆ ಮಾಡಿ ಕಣ್ಣಿಗೊತ್ತಿಕೊಂಡು ಏಳುವುದು. ಅವಳು ಎರಡು ಕೈಯಲ್ಲೂ ಎರಡು ಪಾದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ತಾತ ಕಲಿಸಿದ್ದಂತೆ. ಹಿಡಿಸಿಕೊಂಡವರು ಬೆಚ್ಚಿ ಕಾಲೆಳೆದುಕೊಳ್ಳುತ್ತಿದ್ದರು, ಆಮೇಲೆ ನಗುತ್ತಾ ಆಶೀರ್ವಾದ ಮಾಡುತ್ತಿದ್ದರು. ಈ ತಣ್ಣನೆಯ ಕೈ ಮತ್ತು ಈ ಹಳೇಕಾಲದ ನಮಸ್ಕಾರ, ಇವೆರಡೂ ಸೇರಿ ನನ್ನ ಹೊಟ್ಟೆಗೆ ಬೆಂಕಿ ಇಟ್ಟ ಕತೆಯನ್ನೇ ಹೇಳಲು ಹೊರಟಿದ್ದೇನೆ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಅವಳನ್ನು ಹೋಳೂರಿಗೆ ಕರೆದುಕೊಂಡು ಹೋದೆ. ಹಿತಕಿದ ಬೇಳೆ ಸಾರು ತಿನ್ನಿಸಬೇಕು ಎಂದು ನನಗೇನೂ ಇರಲಿಲ್ಲ, ತಿನ್ನಿಸು ಎಂದು ಅವಳೇ ಗಂಟುಬಿದ್ದಿದ್ದಳು. ಚಳಿ ಬಿಟ್ಟಿರಲಿಲ್ಲ. ಅಂಗಳದ ತೊಟ್ಟಿಯಲ್ಲಿ ಕೈಕಾಲು ತೊಳೆದು ಒಳಗೆ ಬಂದವಳೇ ಅಪ್ಪನ ಕಾಲು ಹಿಡಿದಳು. "ಅಯ್ಯೋ, ಏನಮ್ಮಾ ನಿನ್ ಕೈ, ಮಂಜುಗಡ್ಡೆ ಇಟ್ಟಂಗಾಯ್ತು" ಎಂದು ಅಪ್ಪ ಹಿಂದೆ ಸರಿದರು. ಪಕ್ಕದ ಮನೆಯ ದೊಡ್ಡಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡು "ದೂರದಿಂದ್ಲೇ ಕೈ ಮುಗಿ ತಾಯಿ" ಅಂದಳು. ಆಮೇಲೆ ಅಮ್ಮ. ಅಮ್ಮ ಕಂಬದ ಹಾಗೆ ನಿಂತಿದ್ದಳು. ಕಾಲು ಅಲುಗಲಿಲ್ಲ. ಇವಳು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಭಕ್ತಿ ಜಾಸ್ತಿ ಎಂದುಕೊಂಡ ಅಮ್ಮ ತಲೆ ಸವರಿ ತೆಲುಗಿನಲ್ಲಿ "ಚಲ್ಲಗಾ ಉಂಡು ತಲ್ಲೀ" ಎಂದಳು. ತಣ್ಣಗಿರು ತಾಯಿ ಎಂದು. ಅವಳಿಗೆ ಅದೊಂದು ಆಶೀರ್ವಾದದ ಅಗತ್ಯವೇನೂ ಇರಲಿಲ್ಲ.

ನಮ್ಮಮ್ಮ ಶ್ರೀನಿವಾಸಪುರದ ಕಡೆಯ ಹಳ್ಳಿಯವಳು, ಬಾಯಿ ತೆರೆದರೆ ತೆಲುಗು. ಅಪ್ಪ ಮಕ್ಕಳ ಜೊತೆ ಕನ್ನಡವೇ ಆಡಬೇಕೆಂದು ಹಟ ಹಿಡಿದಿದ್ದರಿಂದ ನನ್ನ ತೆಲುಗು ಕುಂಟುತ್ತದೆ. ಇವಳ ತೆಲುಗು ನೀರು ಹರಿದ ಹಾಗೆ. ಆ ದಿನ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಅವರೆ ಸುಲಿಯುತ್ತಾ ಮಾತಿಗೆ ಶುರುಮಾಡಿದವರು ಸಂಜೆಯಾದರೂ ಮುಗಿಸಲಿಲ್ಲ. ಅಮ್ಮ ಮಾತಿನ ನಡುವೆ ಕಾಲು ಚಾಚಿ ಅಂಗಾಲನ್ನೂ ತೋರಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಅಂಗಾಲನ್ನು ನಾನು ಹಾಗೆ ದಿಟ್ಟಿಸಿ ನೋಡಿರಲೇ ಇಲ್ಲ. ಹೆಣ್ಣುಮಕ್ಕಳು ಯಾರೂ ಅಮ್ಮನ ಅಂಗಾಲು ನೋಡುವುದಿಲ್ಲ, ಪಾದ ನೋಡುತ್ತಾರೆ.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳ ಆಡದೆ ಕೂತಿದ್ದಳು, ಆಗಲೇ ನನಗೆ ಅನುಮಾನ ಬಂತು.

"ನಿಮ್ಮಮ್ಮ ಯಾಕ್ ಕಾಲು ಎಳ್ಕೊಳ್ಲಿಲ್ಲ ಕಣೇ?" ಎಂದಳು.

"ಎಲ್ರೂ ನಿನ್ ಕೈಗೆ ಬೈಲೇಬೇಕಾ? ನಮ್ಮಮ್ಮಂಗೆ ಮರ್ಯಾದೆ ಗೊತ್ತು."

"ಮರ್ಯಾದೆ ಅಲ್ವೇ. ಇಲ್ಲೀವರೆಗೂ ಎಳ್ಕೊಳ್ದೆ ಇರೋರು ಯಾರೂ ಸಿಕ್ಕಿಲ್ಲ ನಂಗೆ."

ಇದಕ್ಕೆ ನಾನು ನಕ್ಕೆ. ನಮ್ಮ ತಾಯಿಯ ತವರಿನವರ ಕಾಲು ಊರಿಗೇ ಹೆಸರಾದ ಕಾಲು ಎಂದು ಜಂಬದಿಂದ ಹೇಳಿದೆ. ಊರದೇವತೆಯ ಮುಂದೆ ಕೆಂಡ ತುಳಿಯುವಾಗ ಮೊದಲ ಹೆಜ್ಜೆ ಆ ಮನೆಯವರದು. ಉಳಿದವರು ಓಡುತ್ತಾರೆ, ಆ ಮನೆಯವರು ನಡೆಯುತ್ತಾರೆ. ತಾತ ಕೆಂಡದ ನಡುವೆ ನಿಂತು ಮೀಸೆ ತಿರುವುತ್ತಿದ್ದನಂತೆ. ದೇವಿ ಕೊಟ್ಟ ವರ ಎಂದು ಊರವರೆಲ್ಲ ಕೈಮುಗಿಯುತ್ತಿದ್ದರು. ಆಮೇಲೆ ಪಾದದಲ್ಲಿ ಏಳುವ ಹುಣ್ಣನ್ನು ಮನೆಯವರು ಬಟ್ಟೆ ಸುತ್ತಿ ಮುಚ್ಚಿಡುತ್ತಿದ್ದರು. ವರ ಪಡೆದವರಿಗೆ ಹುಣ್ಣಾಯಿತು ಎಂದರೆ ನಡತೆಯಲ್ಲಿ ಏನೋ ದೋಷ ಎಂದು ಜನ ಆಡಿಕೊಳ್ಳುತ್ತಾರಲ್ಲ. ಸೋದರಮಾವನ ಒಂದು ಕಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಸಕ್ಕರೆ ಕಾಯಿಲೆ ಎಂದರು. ಮಾವನಿಗೆ ಸಕ್ಕರೆ ಇರಲಿಲ್ಲ. ಅಮ್ಮನಿಗೂ ಇರಲಿಲ್ಲ, ನಾನೇ ನಮ್ಮ ಲ್ಯಾಬಿನಲ್ಲಿ ನೋಡಿದ್ದೆ.

ಅವಳು ಕಿಟಕಿಯ ಕಡೆ ತಿರುಗಿ, "ವರ ಅಂತ ಬಟ್ಟೆ ಸುತ್ತಿಟ್ಕೊಂಡಿದ್ದೀರಾ ಎಲ್ರೂ" ಎಂದಳು.

ಅಲ್ಲಿಂದ ಮುಂದೆ ಅವಳು ನಮ್ಮ ಮನೆಯವಳಾದಳು, ನಾನು ನೆಂಟಳಾದೆ. ಅಮ್ಮನ ರಕ್ತ, ಮಾವನ ರಕ್ತ, ನನ್ನ ತಮ್ಮನದು, ನನ್ನದು, ಶ್ರೀನಿವಾಸಪುರದ ಕಡೆಯ ದಾಯಾದಿಗಳದು, ಎಲ್ಲರ ಮನೆ ಬಾಗಿಲಿಗೂ ಹೋಗಿ ತೆಗೆದುಕೊಂಡಳು. ಹಳ್ಳಿಯಲ್ಲಿ ಐಸ್‌ಕ್ಯಾಂಡಿಯವನ ಹತ್ತಿರ ಮಂಜುಗಡ್ಡೆ ಬೇಡಿ ತಂದು ಡಬ್ಬಿಗೆ ತುಂಬಿ, ಟ್ಯೂಬುಗಳನ್ನು ಅದರಲ್ಲಿಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಡಬ್ಬಿಯಲ್ಲೇನು ಎಂದು ಕೇಳಿದವರಿಗೆ "ನಮ್ಮ ನೆಂಟರು" ಎನ್ನುತ್ತಿದ್ದಳು. ನೆಂಟರು ನನ್ನವರು. ಆದರೂ ಅವರೆಲ್ಲ ಫೋನು ಮಾಡುತ್ತಿದ್ದದ್ದು ಅವಳಿಗೆ. ದಾಯಾದಿಯ ಮಗಳ ಮದುವೆಯ ಕರೆಯೋಲೆಯೂ ಮೊದಲು ಅವಳಿಗೇ ಬಂತು.

ಕೆಲವು ವರ್ಷ ಹಿಡಿಯಿತು. ಬೆಂಗಳೂರಿನ ದೊಡ್ಡ ಲ್ಯಾಬಿನ ಸ್ನೇಹಿತರಿಂದ ಜೀನು ನೋಡಿಸಿದಳು, ಉಳಿದದ್ದನ್ನು ನಮ್ಮ ಹಳೆಯ ಯಂತ್ರದ ಮುಂದೆಯೇ ಕೂತು ಮಾಡಿದಳು. ಇಂಥ ಕಾಯಿಲೆ ಇದೆಯೆಂದು ಬೇರೆ ದೇಶದವರು ಮೊದಲೇ ಕಂಡುಕೊಂಡಿದ್ದರು. ನಮ್ಮ ಸೀಮೆಯ ಒಂದು ಮನೆತನದ ವರ ಅದೇ ಎಂದು ತೋರಿಸಿದವಳು ಇವಳು. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ನರದ ಕಾಯಿಲೆ. ಮೊದಲು ಪಾದಕ್ಕೆ ಬಿಸಿ ತಣ್ಣಗೆ ತಿಳಿಯುವುದಿಲ್ಲ, ಆಮೇಲೆ ನೋವೂ ತಿಳಿಯುವುದಿಲ್ಲ. ಇದರ ಬೇರು ಸೆರೀನ್ ಎಂಬ ಒಂದು ಅಮೈನೋ ಆಮ್ಲದ ಹತ್ತಿರ ಇದೆ.

ಅದನ್ನು ನಾನು ತರಗತಿಯಲ್ಲಿ ಬೋರ್ಡು ತುಂಬ ಬರೆದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಅವಳು ನಮ್ಮಮ್ಮನಿಗೆ ತೆಲುಗಿನಲ್ಲಿ ಹೇಳಿದ್ದು ಹೀಗೆ: ನರಕ್ಕೆ ಗೋಡೆ ಕಟ್ಟೋ ಮೇಸ್ತ್ರಿ ಒಬ್ಬ ಇದ್ದಾನೆ. ಅವನು ಕೇಳೋದು ಕಲ್ಲು, ಸೆರೀನ್ ಅನ್ನೋದು ಆ ಕಲ್ಲು. ನಿಮ್ಮ ಮನೆ ಮೇಸ್ತ್ರಿಗೆ ಕಣ್ಣು ಮಂಜು. ಕಲ್ಲಿನ ಪಕ್ಕದಲ್ಲಿ ಮಣ್ಣುಹೆಂಟೆ ಇದ್ದರೆ ಅದನ್ನೂ ಎತ್ತಿ ಇಟ್ಟುಬಿಡ್ತಾನೆ. ಆ ಗೋಡೆ ಕರಗುತ್ತೆ, ನರ ಸಾಯುತ್ತೆ. ಮೇಸ್ತ್ರಿಯನ್ನ ಬದಲಾಯಿಸೋಕೆ ನಮ್ಮ ಕೈಲಾಗಲ್ಲ. ಕಲ್ಲಿನ ರಾಶಿ ದೊಡ್ಡದು ಮಾಡಬಹುದು, ಆಗ ಅವನ ಕೈ ಹೆಂಟೆಗೆ ಹೋಗೋದು ಕಡಿಮೆಯಾಗುತ್ತೆ.

"ಅಂಗಾದ್ರೆ ಕಲ್ಲು ಎಲ್ಲಿ ಸಿಗ್ತದೆ?" ಎಂದು ಅಮ್ಮ ಕೇಳಿದಳು. ಇಷ್ಟು ವರ್ಷದ ನನ್ನ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ. ಅಮ್ಮ ಒಂದು ದಿನವೂ ನಾನೇನು ಪಾಠ ಮಾಡುತ್ತೇನೆ ಎಂದು ಕೇಳಿದವಳಲ್ಲ.

ಆಗ ನಮಗಿದ್ದ ಭಯ ತಮ್ಮನದು. ಪರೀಕ್ಷೆಯಲ್ಲಿ ನನಗೆ ಕಾಯಿಲೆ ಇಳಿದಿಲ್ಲ ಎಂದು ತಿಳಿಯಿತು, ತಮ್ಮನಿಗೆ ಇಳಿದಿತ್ತು. ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವನು. ಮಾವ ತೀರಿಕೊಂಡಿದ್ದರು, ಅವರಿಗೆ ಮಕ್ಕಳಿಲ್ಲ, ಕೆಂಡದ ಮೊದಲ ಹೆಜ್ಜೆ ಇನ್ನು ಸೋದರಳಿಯನದು ಎಂದು ಊರವರು ತೆಂಗಿನಕಾಯಿ ಹಿಡಿದು ಮನೆಗೆ ಬಂದಿದ್ದರು. ಅವನೂ ಎದೆಯುಬ್ಬಿಸಿ ಒಪ್ಪಿಕೊಂಡಿದ್ದ. ನಾನು ಅತ್ತೆ, ಬೈದೆ, ಮಾವನ ಕಾಲು ನೆನಪಿಸಿದೆ, ಊಟ ಬಿಟ್ಟೆ. ಅಮ್ಮ ಜಗ್ಗಲಿಲ್ಲ. "ಓದ್ದೋಳು ನೀನು, ನಿಂಗೆ ದೇವ್ರು ದಿಂಡ್ರು ಏನ್ ಗೊತ್ತು" ಎಂದಳು.

ಅವಳು ಬಂದಳು. ಎಂದಿನಂತೆ ಕಾಲು ಹಿಡಿದು ನೆಲದ ಮೇಲೆ ಕೂತಳು, ಕಡಲೆಕಾಯಿ ಬಿಡಿಸಿಕೊಂಡು ತಿಂದಳು, ಬೆಳೆ ವಿಚಾರ ಮಾತಾಡಿದಳು. ಆಮೇಲೆ ತೆಲುಗಿನಲ್ಲೇ, "ನೋವು ಅನ್ನೋದು ದೇವಿ ಮನೆಗೆ ಇಟ್ಟ ಕಾವಲುಗಾರ ಅಮ್ಮಾ. ನಿಮ್ಮ ಮನೆ ಕಾವಲುಗಾರ ನಿದ್ದೆ ಮಾಡ್ತಿದ್ದಾನೆ. ಕಾವಲಿಲ್ಲದ ಮನೆಗೆ ನೀವೇ ಬೆಂಕಿ ತಂದಿಡ್ತೀರಾ?" ಎಂದು ಕೇಳಿದಳು. ಅಮ್ಮ ಎದ್ದು ಹೋಗಿ ಊರವರು ಕೊಟ್ಟಿದ್ದ ತೆಂಗಿನಕಾಯಿ ಎತ್ತಿಕೊಂಡು ಬಂದು ತಮ್ಮನ ಕೈಗಿಟ್ಟು, "ವಾಪಸ್ ಕೊಟ್ಬಾರೋ, ನಮ್ ಸರದಿ ಮುಗೀತು ಅಂತ ಹೇಳು" ಎಂದಳು. ತಮ್ಮ ಮುಖ ಕೆಂಪಗೆ ಮಾಡಿಕೊಂಡು ಹೊರಟ.

ತಮ್ಮನ ಕಾಲು ಉಳಿಯಿತು ಎಂದು ನನಗೆ ಸಂತೋಷವಾಗಲಿಲ್ಲವೇ? ಆಯಿತು, ದೇವರಾಣೆ ಆಯಿತು. ಆ ಸಂತೋಷದ ಬೆನ್ನಿಗೇ ಹೊಟ್ಟೆಯುರಿಯೂ ಬಂತು. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳಿ ನನ್ನನ್ನು ಸಮಾಧಾನ ಮಾಡಿದವರಿದ್ದಾರೆ. ಹಿತ್ತಲ ಗಿಡಕ್ಕೆ ಅದನ್ನು ಕೇಳಿ ಏನಾಗುತ್ತದೆ ಎಂದು ಗಾದೆ ಮಾಡಿದವರು ಯೋಚಿಸಿಲ್ಲ.

ಪ್ರಬಂಧ ಬರೆದು ಕಳಿಸುವಾಗ ತನ್ನ ಹೆಸರಿನ ಪಕ್ಕ ನನ್ನ ಹೆಸರು ಹಾಕುತ್ತೇನೆ ಎಂದು ಕೂತಳು. "ನಮ್ಮಮ್ಮನ ಕಾಲಿಗೆ ನಾನು ಎರಡನೇ ಹೆಸರಾ? ಬೇಡ ಹೋಗು" ಎಂದೆ. ಮೊದಲನೆಯದು ಕೊಡುತ್ತೇನೆ ಎಂದಳು. ಅದಂತೂ ಇನ್ನೂ ಉರಿಯಿತು. ಅವಳೇ ದುಡಿದು, ನನಗೆ ದಾನ ಮಾಡುವುದೇ? ಕೊನೆಗೆ ಹೆಸರಿಲ್ಲದೆ ಕೃತಜ್ಞತೆಯ ಸಾಲಿನಲ್ಲಿ "ಸಹೋದ್ಯೋಗಿಯೊಬ್ಬರಿಗೆ" ಎಂದು ಬರೆದಳು. ಈಗ ಇಲ್ಲಿ ನಾನು ಅವಳ ಹೆಸರು ಬರೆಯದಿರುವುದಕ್ಕೆ ಅದೂ ಒಂದು ಲೆಕ್ಕ.

ನರವೈದ್ಯರ ಸಲಹೆಯಂತೆ ತಮ್ಮನೂ ಅಮ್ಮನೂ ಸೆರೀನ್ ಪುಡಿ ತೆಗೆದುಕೊಳ್ಳತೊಡಗಿದರು. ಬಿಳಿ ಪುಡಿ, ನಾಲಿಗೆಗೆ ಸ್ವಲ್ಪ ಸಿಹಿ. ಅಮ್ಮ ಅದಕ್ಕೆ "ಆಯಮ್ಮನ ಸಕ್ಕರೆ" ಎಂದು ಹೆಸರಿಟ್ಟು ರಾಗಿ ಅಂಬಲಿಗೆ ಕದಡಿ ಕುಡಿಯುತ್ತಾಳೆ. ನಾನು ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಮಾತ್ರ ದಿಂಬಿನ ಕೆಳಗೆ ಸಿಗುತ್ತದೆ. ಪುಡಿ ಸತ್ತ ನರವನ್ನು ಎಬ್ಬಿಸುವುದಿಲ್ಲ, ಸಾಯುವುದನ್ನು ನಿಧಾನ ಮಾಡಬಹುದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಅವಳು ಮೊದಲೇ ಹೇಳಿದ್ದಳು. ಮಾವನಿಗೆ ಹುಣ್ಣು ಶುರುವಾದ ವಯಸ್ಸನ್ನು ತಮ್ಮ ದಾಟಿದ್ದಾನೆ. ತೋಟದಲ್ಲಿ ಚಪ್ಪಲಿ ಕಳಚಿದಾಗ ಜಾಲಿಮುಳ್ಳು ಚುಚ್ಚಿದರೆ ಇವತ್ತಿಗೂ ಕೆಟ್ಟ ಮಾತು ಬೈಯುತ್ತಾನೆ. ಆ ಬೈಗುಳ ಕೇಳಿದರೆ ಅವನ ಹೆಂಡತಿ ದೇವರಿಗೆ ಕೈಮುಗಿಯುತ್ತಾಳೆ.

ಅಮ್ಮನ ಕಾಲಿಗೆ ಮಾತ್ರ ತಡವಾಗಿತ್ತು. ಅಪ್ಪ ಹೋದ ಮೇಲೆ ಅಮ್ಮ ಕೋಲಾರಕ್ಕೆ ನನ್ನ ಮನೆಗೆ ಬಂದಳು. ಸಂಜೆ ಅಮ್ಮನ ಕಾಲು ತೊಳೆದು, ಅಂಗಾಲು ತಿರುಗಿಸಿ, ಗಾಯ ಬೊಬ್ಬೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ. ನೋವು ಹೇಳದ ಕಾಲನ್ನು ಕಣ್ಣೇ ಕಾಯಬೇಕು ಎಂದು ಕಲಿಸಿದವಳೂ ಅವಳೇ. ಈಗ ಆ ಅಂಗಾಲಿನ ಗೆರೆ ಗೆರೆಯೂ ನನಗೆ ಗೊತ್ತು. ಆದರೂ ಅಲ್ಲಿ ಮೊದಲು ಇಟ್ಟ ಕೈ ನನ್ನದಲ್ಲ. ಪ್ರತಿ ಯುಗಾದಿಗೂ ನಾನು ಅಮ್ಮನ ಕಾಲು ಮುಟ್ಟಿದವಳೇ. ನನ್ನ ಕೈ ಬೆಚ್ಚಗಿತ್ತು, ಅಷ್ಟೇ. ಕೈ ಬೆಚ್ಚಗಿದ್ದದ್ದಕ್ಕೆ ಒಬ್ಬಳು ಯಾರನ್ನು ದೂರಬೇಕು?

ಹೋದ ವಾರ ಅವಳು ಮನೆಗೆ ಬಂದಳು. ನಿವೃತ್ತಿಯಾದ ಮೇಲೆ ಮುಳಬಾಗಿಲಿನ ತನ್ನ ಹಳೆಯ ಮನೆಗೆ ಹೋಗಿ ಇರುತ್ತಾಳಂತೆ, ಹೇಳಿಹೋಗಲು ಬಂದಿದ್ದಳು. ನಾನು ಕಾಫಿ ಕೊಟ್ಟೆ. ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು, ಸ್ಟೀಲ್ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಧಾನವಾಗಿ ಕುಡಿದಳು. ಅಮ್ಮನಿಗೆ ಈಗ ಕಣ್ಣೂ ಅಷ್ಟಕ್ಕಷ್ಟೇ. ಹೊರಡುವಾಗ ಅವಳು ಲೋಟ ಕೆಳಗಿಟ್ಟು ಬಗ್ಗಿ ಅಮ್ಮನ ಎರಡೂ ಪಾದ ಹಿಡಿದಳು.

ಅಮ್ಮ ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಏನಮ್ಮಾ ನಿನ್ ಕೈ, ಇವತ್ತೂ ಐಸ್ ಇದ್ದಂಗದೆ" ಎಂದಳು.

ಅವಳು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ತುಂಬಿತ್ತು. ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು, ಅಮ್ಮ ಬೆನ್ನು ಸವರಿದಳು. ಸತ್ತ ನರ ಎದ್ದಿತು, ಅವಳ ಇಡೀ ಬದುಕಿನ ದುಡಿಮೆ ನನ್ನ ನಡುಮನೆಯಲ್ಲಿ ಫಲಕೊಟ್ಟಿತು ಎಂದುಕೊಂಡು ನಾನು ಗೋಡೆಗೆ ಒರಗಿ ನಿಂತೆ. ಆ ಗಳಿಗೆಯಲ್ಲೂ, ದಿನಾ ಕಾಲು ತೊಳೆಯುವ ನನ್ನ ಕೈಯಲ್ಲಿ ಏಳದ ನರ ಅವಳ ಕೈಗೆ ಎದ್ದಿತಲ್ಲ ಎಂದು ನನಗೆ ಸಂಕಟವಾಯಿತು.

ಅವಳು ಹೋದ ಮೇಲೆ ಅಮ್ಮನ ಮುಂದೆ ಕೂತೆ. "ಅಮ್ಮಾ, ನಿಜವಾಗ್ಲೂ ತಣ್ಣಗಿತ್ತಾ?"

"ಎಲ್ಲಿ ತಣ್ಣಗೆ? ಏನೂ ಗೊತ್ತಾಗ್ಲಿಲ್ಲ. ಮುಟ್ಟಿದ್ದೊಂದು ಗೊತ್ತಾಯ್ತು. ಅಷ್ಟು ದಿನ ದುಡಿದವ್ಳೆ ಪಾಪ, ಖುಷಿಯಾಗಿ ಹೋಗ್ಲಿ ಅಂತ ಕಾಲೆಳ್ಕೊಂಡೆ. ನೀನು ಬಾಯಿ ಬಿಡ್ಬೇಡ."

ಬಾಯಿ ಬಿಡದೆ ಇರುವುದು ಹೇಗೆ? ಬೇರೆಯವರಾಗಿದ್ದರೆ ಸರಿ, ಅವಳು ಇದನ್ನು ನಂಬಿ ಮತ್ತೆ ಡಬ್ಬಿ ಹಿಡಿದು ಊರೂರು ತಿರುಗುವ ಹೆಂಗಸು. ಎರಡು ದಿನ ತಡೆದುಕೊಂಡು ಫೋನು ಮಾಡಿದೆ. ಸುಳ್ಳು ಯಾಕೆ, ಹೇಳುವುದರಲ್ಲಿ ಸ್ವಲ್ಪ ಸುಖವೂ ಇತ್ತು. ಅಮ್ಮ ನಿನ್ನ ಹತ್ತಿರ ಸುಳ್ಳು ಹೇಳಿದಳು, ನನ್ನ ಹತ್ತಿರ ನಿಜ ಹೇಳಿದಳು, ನೋಡಿಕೋ ಎಂದು ಅನ್ನಬೇಕಿತ್ತು ನನಗೆ.

ಅವಳು ನಕ್ಕಳು. "ಗೊತ್ತು ಕಣೇ. ಆವತ್ತು ನೀನೇ ಅಲ್ವಾ ಕೈ ಸುಡೋ ಅಷ್ಟು ಬಿಸಿ ಕಾಫಿ ಕೊಟ್ಟಿದ್ದು? ಲೋಟ ಹಿಡ್ಕೊಂಡೂ ಹಿಡ್ಕೊಂಡೂ ನನ್ ಕೈ ಬಿಸಿಯಾಗಿತ್ತು. ಐಸ್ ಅಂದ್ರಲ್ಲ, ಆಗ್ಲೇ ತಿಳೀತು."

"ಮತ್ತೆ ಯಾಕೆ ಅತ್ತೆ?"

"ನನಗೋಸ್ಕರ ಯಾರೂ ಯಾವತ್ತೂ ಹಂಗೆ ಕಾಲೆಳ್ಕೊಂಡಿರ್ಲಿಲ್ಲ" ಎಂದಳು.

ಫೋನಿಟ್ಟೆ. ಆ ನಡುಮನೆಯಲ್ಲಿ ಮೋಸಹೋದವಳು ನಾನೊಬ್ಬಳೇ ಎಂದಾಯಿತು. ಕಾಲು ತೊಳೆಯುವ ಹೊತ್ತಾಗಿತ್ತು. ಬಕೆಟ್ಟಿನ ನೀರಿನ ಬಿಸಿ ನನ್ನ ಮೊಣಕೈಯಲ್ಲಿ ನೋಡಿಕೊಂಡು ಅಮ್ಮನ ಪಾದಗಳನ್ನು ಎರಡು ಕೈಯಲ್ಲೂ ಹಿಡಿದೆ, ಅವಳು ಹಿಡಿಯುವ ಹಾಗೆ.

"ಅಮ್ಮಾ, ನನ್ ಕೈ ಹೆಂಗಿದೆ ಹೇಳು."

"ಗೊತ್ತಾಗಲ್ಲ ಕಣೇ" ಎಂದಳು ಅಮ್ಮ. "ನೆಂಟ್ರಿಗಾದ್ರೆ ಏನೋ ಒಂದು ಹೇಳ್ಬೋದು. ನಿನ್ ಹತ್ರ ಯಾಕ್ ಸುಳ್ಳು ಹೇಳ್ಲಿ?"

ದೊಡ್ಡ ಮಾತು. ಅದನ್ನು ಕೇಳಿ ನಾನು ಸಮಾಧಾನ ಪಡಬೇಕು. ಪಾದ ಒರೆಸಿದೆ, ಬೆರಳ ಸಂದಿ ನೋಡಿದೆ, ಅಂಗಾಲು ತಿರುಗಿಸಿ ಬೆಳಕಿಗೆ ಹಿಡಿದೆ. ಎಲ್ಲಿಯೂ ಗಾಯವಿರಲಿಲ್ಲ. ನಿಜ ನನ್ನ ಪಾಲಿಗೆ ಬಂತು, ಸರಿ. ನನಗೆ ಆ ಸುಳ್ಳೂ ಬೇಕಿತ್ತು.